ಹಳೆಯ ವೈದ್ಯರನ್ನು ಬಿಡಬೇಕೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇವೆ. ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದಲೂ ನಮ್ಮ ಮನೆಯವರೆಲ್ಲ ಬೆಟಗೇರಿಯ ಒಬ್ಬರೇ ಎಂ.ಬಿ.ಬಿ.ಎಸ್. ವೈದ್ಯರಿಗೆ ತೋರಿಸುತ್ತ ಬಂದಿದ್ದೇವೆ. ಹುಬ್ಬಳ್ಳಿಯ ತಜ್ಞರಲ್ಲಿಗೆ ಹೋಗೋಣವೆಂದರೆ ತಾಯಿ, "ಇವರಿಗೆ ನನ್ನ ಮೈ ಗೊತ್ತೈತಿ. ಮತ್ತೊಬ್ಬರ ಕಡೆ ಹೋದ್ರ ಬ್ಯಾಸರ ಮಾಡ್ಕೋತಾರ" ಎನ್ನುತ್ತಾರೆ. ಇದು ಕುರುಡು ನಂಬಿಕೆಯಲ್ಲವೇ?
— ಓದುಗರೊಬ್ಬರು, ಗದಗ

ಉತ್ತರ: ನಿಮ್ಮ ತಾಯಿಯ ಮೊದಲ ಮಾತನ್ನು ಕುರುಡು ನಂಬಿಕೆ ಎನ್ನಲಾರೆ. ನಾರ್ವೆಯಲ್ಲಿ ಬಹುತೇಕ ಎಲ್ಲರಿಗೂ ಹೆಸರು ನೋಂದಾಯಿಸಿಕೊಂಡ ಕುಟುಂಬ ವೈದ್ಯರಿರುತ್ತಾರೆ. 15 ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ವೈದ್ಯರಲ್ಲಿ ಉಳಿದವರ ಮರಣ ಪ್ರಮಾಣ, ಒಂದು ವರ್ಷವಷ್ಟೇ ಕಳೆದವರಿಗಿಂತ ಸುಮಾರು ಶೇ. 25ರಷ್ಟು ಕಡಿಮೆ ಇದ್ದುದು ಅಲ್ಲಿನ ಅಧ್ಯಯನದಲ್ಲಿ ಕಂಡುಬಂದಿದೆ. ಆಯುಷ್ಯ ಹೆಚ್ಚಿದ್ದು ವೈದ್ಯರಿಂದಲೇ ಎಂದು ಇಷ್ಟರಿಂದಲೇ ಸಾಬೀತಾಗುವುದಿಲ್ಲ. ಆದರೂ ಹಳೆಯ ವೈದ್ಯರ ಕಣ್ಣಿಗೆ ಬೀಳುವುದು ಹೊಸಬರಿಗೆ ಬೀಳದಿರಬಹುದು. ಯಾವ ಬಿ.ಪಿ. ಮಾತ್ರೆಯಿಂದ ಒಣಕೆಮ್ಮು ಬಂದಿತ್ತು ಎಂಬುದು ಅವರಿಗೆ ನೆನಪಿರುತ್ತದೆ; ಸದಾ ಸಡಿಲವಾಗಿರುತ್ತಿದ್ದ ಕಾಲುಂಗುರ ಈ ಸಲ ಬಿಗಿಯಾಗಿದ್ದರೆ, ಕಾಲಿಗೆ ಬಾವು ಬಂದಿದೆಯೆಂದು ಅವರು ಕೂಡಲೇ ಗುರುತಿಸುತ್ತಾರೆ.

ನನಗೆ ಚಿಂತೆ ಹುಟ್ಟಿಸುವುದು ಎರಡನೆಯ ಮಾತು. ಬಹುಕಾಲದ ಒಡನಾಟದಲ್ಲಿ ಗೌರವದ ಜೊತೆಗೆ ಸಂಕೋಚವೂ ಬೆಳೆಯುತ್ತದೆ. ಮಂಡಿ ನೋವಿಗೆಂದು ಔಷಧ ಅಂಗಡಿಯಿಂದ ತಾವೇ ಮಾತ್ರೆ ತಂದು ನುಂಗಿದ್ದನ್ನೂ, ನಾಟಿ ಔಷಧ ಕುಡಿದದ್ದನ್ನೂ, ಸಕ್ಕರೆಯ ಗುಳಿಗೆ ತಪ್ಪಿಸಿದ್ದನ್ನೂ "ಡಾಕ್ಟರು ಏನಂದಾರು" ಎಂಬ ಅಳುಕಿನಿಂದ ಮುಚ್ಚಿಡುವ ಹಿರಿಯರು ನಮ್ಮ ಭಾಗದಲ್ಲಿ ಬಹಳ ಮಂದಿ. ಇಂತಹ ನೋವಿನ ಮಾತ್ರೆಗಳು ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಮುಚ್ಚಿಟ್ಟ ವಿಷಯವನ್ನು ಎಷ್ಟೇ ಹಳೆಯ ವೈದ್ಯರೂ ಊಹಿಸಲಾರರು. ದಯವಿಟ್ಟು ಮುಂದಿನ ಭೇಟಿಗೆ ನೀವೂ ಜೊತೆಗೆ ಹೋಗಿ, ಇವನ್ನೆಲ್ಲ ತಾಯಿಯ ಬಾಯಿಂದಲೇ ಹೇಳಿಸಿ.

ಅಂದೇ ಹಳೆಯ ಚೀಟಿಗಳನ್ನೂ ನೋಡಿ. ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ), ವರ್ಷಕ್ಕೊಮ್ಮೆ ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್, ಕಣ್ಣಿನ ರೆಟಿನಾ ಮತ್ತು ಪಾದಗಳ ಪರೀಕ್ಷೆ ಆಗಿವೆಯೇ? ಆಗಿದ್ದರೆ ಆ ವೈದ್ಯರನ್ನು ಬಿಡಲು ಕಾರಣವಿಲ್ಲ. ಸಕ್ಕರೆ ಏರುತ್ತಲೇ ಇದ್ದರೂ ವರ್ಷಗಟ್ಟಲೆ ಪರೀಕ್ಷೆಯಿಲ್ಲದೆ ಅದೇ ಮಾತ್ರೆ ಮುಂದುವರಿದಿದ್ದರೆ, ಎಷ್ಟೇ ಹಳೆಯ ಬಾಂಧವ್ಯವಿದ್ದರೂ ಬೇರೆಯವರನ್ನು ಕಾಣಲೇಬೇಕು.

ತಜ್ಞರ ಅಭಿಪ್ರಾಯ ಬೇಕೆನಿಸಿದರೆ ಬೆಟಗೇರಿಯ ವೈದ್ಯರಿಂದಲೇ ಚೀಟಿ ಬರೆಸಿಕೊಳ್ಳಿ. ಬೇಸರದ ಪ್ರಶ್ನೆಯೇ ಏಳುವುದಿಲ್ಲ, ಒಳ್ಳೆಯ ವೈದ್ಯರು ಇದನ್ನು ತಪ್ಪು ತಿಳಿಯುವುದೂ ಇಲ್ಲ. ಹುಬ್ಬಳ್ಳಿಯಿಂದ ಬಂದ ಮೇಲೆ ಹೊಸ ಚೀಟಿಯನ್ನೂ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಅವರ ಮುಂದಿಡಿ. ಒಂದೇ ಔಷಧ ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಎರಡು ಪಟ್ಟು ಹೊಟ್ಟೆ ಸೇರುವ ಅಪಾಯವನ್ನು, ಎರಡೂ ಕಡೆಯ ಮಾತ್ರೆಗಳನ್ನು ಒಟ್ಟಿಗೆ ನೋಡಿದವರಷ್ಟೇ ತಡೆಯಬಲ್ಲರು.