ಪುಣೆಯ ಚೌಕಗಳಲ್ಲಿ ಹಿಂದಿನವರ ಹಾರ್ನ್ ಕೇಳಿ ಹೊರಡಬೇಡಿ

ಮುಂದಿನ ತಿಂಗಳು ಧಾರವಾಡದಿಂದ ಪುಣೆಯ ಹಿಂಜವಡಿಗೆ ಕೆಲಸಕ್ಕೆ ಬರುವವರಿದ್ದು, ನೀವು ನನಗೆ ನಾಲ್ಕು ಪ್ರಶ್ನೆ ಕೇಳಿದ್ದೀರಿ. ಮನೆ ಎಲ್ಲಿ ಹಿಡಿಯಬೇಕು, ಊರಿನ ಸ್ಕೂಟರನ್ನು ತರಬೇಕೇ, ಕೆಎ ನಂಬರಿನ ಗಾಡಿಯನ್ನು ಪೊಲೀಸರು ಸುಮ್ಮಸುಮ್ಮನೆ ಹಿಡಿಯುತ್ತಾರೆಯೇ, ಇಲ್ಲಿಯ ಸಿಗ್ನಲ್‌ಗಳಲ್ಲಿ ಗಾಡಿ ಓಡಿಸುವುದು ಎಲ್ಲರೂ ಹೆದರಿಸುವಷ್ಟು ಕಷ್ಟವೇ. ಮೊದಲ ಮೂರಕ್ಕೆ ಚಿಕ್ಕ ಉತ್ತರ ಸಾಕು. ನಾಲ್ಕನೆಯದನ್ನು ಮಾತ್ರ ನಾನು ಬೇಗ ಮುಗಿಸಲಾರೆ.

ಮನೆಯನ್ನು ಕಚೇರಿಯ ಸಮೀಪ ಹಿಡಿಯಿರಿ. ನಮ್ಮವರು ಹೆಚ್ಚಿದ್ದಾರೆಂದು ಕೊಥ್ರೂಡ್ ಕಡೆ ನೆಲೆಸಿದರೆ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಚಾಂದನಿ ಚೌಕವನ್ನೋ ವಿದ್ಯಾಪೀಠದ ಚೌಕವನ್ನೋ ದಾಟಬೇಕಾಗುತ್ತದೆ. ನಮ್ಮವರನ್ನು ರವಿವಾರ ಭೇಟಿಯಾದರಾಯಿತು. ಸ್ಕೂಟರನ್ನು ತನ್ನಿ, ಆದರೆ ರೈಲಿನಲ್ಲೋ ಲಾರಿಯಲ್ಲೋ ಹಾಕಿಸಿ ತನ್ನಿ. ಓಡಿಸಿಕೊಂಡು ಬಂದರೆ ಕಾತ್ರಜ್‌ನ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗಿನ ಇಳಿಜಾರಿನಲ್ಲಿ ಭಾರದ ಲಾರಿಗಳ ಮುಂದೆ ಇಳಿಯಬೇಕಾಗುತ್ತದೆ, ಹೊಸಬರಿಗೆ ಅದು ಬೇಡ. ಬೇರೆ ರಾಜ್ಯದಲ್ಲಿ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಧಾರವಾಡದ ಆರ್‌ಟಿಒ ಕಚೇರಿಯಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತೆಗೆದುಕೊಳ್ಳಬೇಕು. ಪೊಲೀಸರು ನಿಲ್ಲಿಸಿದರೆ ಕಾಗದ ತೋರಿಸಿ, ಬಂದಷ್ಟು ಮರಾಠಿಯಲ್ಲಿ ಸಮಾಧಾನದಿಂದ ಮಾತನಾಡಿ. ಆರ್‌ಸಿಯಲ್ಲಿ ನಿಮ್ಮ ಈಗಿನ ಮೊಬೈಲ್ ನಂಬರ್ ಇರಲಿ, ಏಕೆಂದರೆ ಕ್ಯಾಮೆರಾ ಹಿಡಿದ ತಪ್ಪಿನ ಇ-ಚಲನ್ ಆ ನಂಬರಿಗೇ ಬರುತ್ತದೆ.

ಇನ್ನು ಸಿಗ್ನಲ್ ವಿಷಯ. 1997ರ ಮಳೆಗಾಲದಲ್ಲಿ ಗದಗದಿಂದ ಬಂದು ಸ್ವಾರಗೇಟ್‌ನಲ್ಲಿ ಬಸ್ ಇಳಿದಾಗ ನಾನು ಮೊದಲು ನೋಡಿದ್ದು ಇಲ್ಲಿಯ ಹೆಣ್ಣುಮಕ್ಕಳನ್ನು. ಮುಖಕ್ಕೆ ಓಢಣಿ ಬಿಗಿದುಕೊಂಡು, ಯಾರ ಹಂಗೂ ಇಲ್ಲದೆ ಗಾಡಿ ಓಡಿಸುತ್ತಿದ್ದ ಅವರಂತೆ ಆಗಬೇಕೆಂದು ಆ ದಿನವೇ ನಿಶ್ಚಯಿಸಿದೆ, ಎರಡೇ ವರ್ಷಕ್ಕೆ ಆದೆ ಕೂಡ. ಈ ಊರು ನನಗೆ ಕೊಟ್ಟ ಆ ಧೈರ್ಯದ ಬಗ್ಗೆ ಇಂದಿಗೂ ಹೆಮ್ಮೆಯಿದೆ. ಆದರೆ ಗಾಡಿಯ ಜೊತೆಗೆ ಈ ಊರಿನ ಚೌಕಗಳ ಕೆಟ್ಟ ಚಾಳಿಗಳನ್ನೂ ನನಗೆ ಗೊತ್ತಾಗದಂತೆ ಕಲಿತುಬಿಟ್ಟಿದ್ದೆ.

ಆ ಚಾಳಿಗಳು ನಿಮಗೆ ಮೊದಲ ದಿನವೇ ಕಾಣುತ್ತವೆ. ಕೆಂಪು ದೀಪ ಬಿದ್ದ ಮೇಲೆ ಗಾಡಿಗಳು ಬಿಳಿ ಗೆರೆಯ ಹಿಂದೆ ನಿಲ್ಲುವುದಿಲ್ಲ. ಕಾಲಿನಿಂದ ನೆಲ ಒತ್ತುತ್ತ ಇಷ್ಟಿಷ್ಟೇ ಮುಂದೆ ಸರಿದು ಝೀಬ್ರಾ ಪಟ್ಟಿಯನ್ನು ಪೂರ್ತಿ ಮುಚ್ಚುತ್ತವೆ, ನಡೆಯುವವರು ಗಾಡಿಗಳ ಸಂದಿಯಲ್ಲಿ ನುಸುಳಬೇಕಾಗುತ್ತದೆ. ನೇರ ಹೋಗುವವರು ಎಡಗಡೆಯ ಸಾಲಿನಲ್ಲಿ ನಿಂತು ಎಡಕ್ಕೆ ತಿರುಗುವವರ ದಾರಿ ಕಟ್ಟುತ್ತಾರೆ, ಬಲಕ್ಕೆ ತಿರುಗುವವರು ಎಡ ಅಂಚಿನಿಂದ ಎಲ್ಲರ ಮುಂದೆ ಅಡ್ಡ ಹಾಯುತ್ತಾರೆ. ಮುಂದಿನ ತಿರುವು ದೂರವೆಂದು ಎದುರು ದಿಕ್ಕಿನಲ್ಲಿ ಬರುವುದಕ್ಕೆ ಇಲ್ಲಿ ರಾಂಗ್ ಸೈಡ್ ಎಂಬ ಹೆಸರಿದ್ದರೂ ಅದನ್ನು ತಪ್ಪೆಂದು ಎಣಿಸುವವರು ಕಡಿಮೆ. ವಾಕಡ್ ಸೇತುವೆ, ಭೂಮಕರ್ ಚೌಕ, ಹಿಂಜವಡಿಯ ಶಿವಾಜಿ ಚೌಕಗಳಲ್ಲಿ ಸಂಜೆ ಹೊತ್ತು ಮುಂದೆ ಜಾಗವಿಲ್ಲದಿದ್ದರೂ ಹಸಿರು ದೀಪವಿದೆಯೆಂದು ನಡು ಚೌಕಕ್ಕೆ ನುಗ್ಗಿ ನಿಲ್ಲುವವರಿಂದ ನಾಲ್ಕೂ ದಿಕ್ಕು ಕಟ್ಟಿಹೋಗುತ್ತವೆ. ಇವೆಲ್ಲಕ್ಕೆ ನೀವು ತಾಳ್ಮೆಯಿಂದ ಹೊಂದಿಕೊಳ್ಳಬಹುದು. ನಾನು ಹೆದರುವುದು ಹಾರ್ನ್‌ಗೆ.

ಸಿಗ್ನಲ್‌ನ ಟೈಮರ್‌ನಲ್ಲಿ ಕೆಂಪು ಅಂಕಿ ಐದಕ್ಕೋ ನಾಲ್ಕಕ್ಕೋ ಇಳಿದೊಡನೆ ಹಿಂದಿನಿಂದ ಹಾರ್ನ್ ಶುರುವಾಗುತ್ತದೆ. ಹಸಿರು ಬಿದ್ದ ಮೇಲಲ್ಲ, ಬೀಳುವ ಮೊದಲೇ. ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆದರೆ ಯಾರೋ ಪರಿಚಯದವರು ಕರೆದರೇನೋ ಎಂದು ನಾವು ಹೊರಳಿ ನೋಡುತ್ತಿದ್ದೆವು. ನಿಮಗೂ ಆ ರೂಢಿಯೇ ಇದ್ದೀತು. ಇಲ್ಲಿ ಹಾರ್ನ್ ಎಂದರೆ ನಡೆ, ಏಕೆ ನಿಂತೆ ಎಂದರ್ಥ. ಪರ ಊರಿನವರಾದ ನಮಗೆ ಅದು ಇನ್ನಷ್ಟು ನಾಟುತ್ತದೆ. ನಮ್ಮಿಂದ ತಡವಾಯಿತು, ಗಾಡಿ ಓಡಿಸಲು ಬಾರದ ಹೊರಗಿನವಳು ಎಂದುಕೊಂಡಾರು ಎಂಬ ಅಳುಕಿನಿಂದ ಕೈ ತಾನಾಗಿ ಎಕ್ಸಲರೇಟರ್ ತಿರುವುತ್ತದೆ.

2012ರ ಒಂದು ಬೆಳಿಗ್ಗೆ ಕರ್ವೆ ರಸ್ತೆಯ ಒಂದು ಚೌಕದಲ್ಲಿ ನನ್ನ ಕೈಯೂ ಹಾಗೆಯೇ ತಿರುಗಿತು. ಟೈಮರ್‌ನಲ್ಲಿ ಮೂರು ಎಂಬ ಕೆಂಪು ಅಂಕಿ ಇತ್ತು. ಹಿಂದಿನ ಕಾರಿನವನು ಬಿಡದೆ ಹಾರ್ನ್ ಒತ್ತುತ್ತಿದ್ದ. ಅಡ್ಡ ರಸ್ತೆಯ ಗಾಡಿಗಳು ನಿಂತದ್ದನ್ನು ಕಂಡು ನಾನು ಹೊರಟೆ. ಬಲಗಡೆಯಿಂದ ದಾಟುತ್ತಿದ್ದ ಅಜ್ಜಿಯೊಬ್ಬರು ನನ್ನ ಸಾಲಿನವರೆಗೆ ಬಂದಿದ್ದರು. ನನ್ನ ಹ್ಯಾಂಡಲ್ ಅವರ ಕೈಚೀಲಕ್ಕೆ ಸಿಕ್ಕಿ ಅವರು ಪಕ್ಕಕ್ಕೆ ವಾಲಿ ಅಂಗೈ ಊರಿ ಬಿದ್ದರು. ಚೀಲದಿಂದ ಮೆಂತ್ಯದ ಸೂಡು ಮತ್ತು ಎರಡು ಹಾಲಿನ ಪಾಕೀಟು ಝೀಬ್ರಾ ಪಟ್ಟಿಯ ಮೇಲೆ ಚೆಲ್ಲಿದವು, ಅದರಲ್ಲಿ ಒಂದು ಒಡೆದು ಹೋಯಿತು. ನಾನು ಗಾಡಿ ಬಿಟ್ಟು ಅವರನ್ನು ಎಬ್ಬಿಸಿದಾಗ ಅವರು ಸಿಟ್ಟಾಗಲಿಲ್ಲ. ನನ್ನ ಮುಖ ನೋಡಿ, "ಅಹೋ, ಅಜೂನ್ ಲಾಲ್ ಹೋತಾ ನಾ?" ಎಂದರು. ಇನ್ನೂ ಕೆಂಪೇ ಇತ್ತಲ್ಲವೇ ಎಂದು ಕೇಳಿದರು, ತಪ್ಪು ತಮ್ಮದೇ ಇರಬಹುದೇ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ. ಹಾರ್ನ್ ಹೊಡೆದ ಕಾರು ನಮ್ಮನ್ನು ಬಳಸಿಕೊಂಡು ಆಗಲೇ ಹೊರಟುಹೋಗಿತ್ತು.

ಆಸ್ಪತ್ರೆಗೆ ಕರೆದೊಯ್ದೆ, ಮಣಿಕಟ್ಟಿನ ಮೂಳೆ ಮುರಿದಿತ್ತು. ಖರ್ಚು ಕೊಟ್ಟೆ, ಅವರ ಮಗ ದೂರು ಕೊಡುವುದು ಬೇಡವೆಂದ. ಒಂದೂವರೆ ತಿಂಗಳ ನಂತರ ಮನೆಗೆ ನೋಡಲು ಹೋದಾಗ, ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಕೈಯಿಂದ ಭಾಕರಿ ತಟ್ಟಲು ಆಗುತ್ತಿಲ್ಲವೆಂದು ಸೊಸೆ ಮೆಲ್ಲಗೆ ಹೇಳಿದಳು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುತ್ತ ಬೆಳೆದ ನಿಮಗೆ ಆ ಮಾತು ಎಷ್ಟು ಭಾರವೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನಾಚಿಕೆಯಿಂದ ನಾನು ಮತ್ತೆ ಆ ಮನೆಗೆ ಹೋಗಲಿಲ್ಲ. ಕೈ ಸರಿಯಾಯಿತೇ ಎಂದು ಕೇಳಲು ಸಹ ಹೋಗಲಿಲ್ಲವೆಂಬುದು ಅಪಘಾತಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತದೆ.

ಆಮೇಲೆ ನಾನು ಸಿಗ್ನಲ್‌ಗಳ ಲೆಕ್ಕವನ್ನು ತಿಳಿದುಕೊಂಡೆ. ಒಂದು ದಿಕ್ಕಿಗೆ ಕೆಂಪಾದ ತಕ್ಷಣ ಇನ್ನೊಂದು ದಿಕ್ಕಿಗೆ ಹಸಿರು ಕೊಡದೆ, ಚೌಕದೊಳಗೆ ಉಳಿದವರು ಹೊರಬೀಳಲೆಂದು ಎಲ್ಲ ದಿಕ್ಕಿಗೂ ಕೆಲವು ಸೆಕೆಂಡು ಕೆಂಪನ್ನೇ ಇಡುವ ಪದ್ಧತಿಯಿದೆ. ಅಡ್ಡ ರಸ್ತೆಯವರು ನಿಂತರೆಂದು ನಾವು ಹೊರಡುವುದು ಸರಿಯಾಗಿ ಆ ಸೆಕೆಂಡುಗಳಲ್ಲಿ. ನಡೆಯುವವರ ವೇಗವನ್ನು ಸಾಮಾನ್ಯವಾಗಿ ಸೆಕೆಂಡಿಗೆ 1.2 ಮೀಟರ್ ಎಂದು ಹಿಡಿಯುತ್ತಾರೆ. ಆ ಲೆಕ್ಕಕ್ಕೆ 15 ಮೀಟರ್ ಅಗಲದ ರಸ್ತೆ ದಾಟಲು ಹನ್ನೆರಡೂವರೆ ಸೆಕೆಂಡು ಬೇಕು. ಮೊಣಕಾಲು ನೋವಿನವರು ಸೆಕೆಂಡಿಗೆ 0.8 ಮೀಟರ್ ನಡೆದರೆ ಸುಮಾರು ಹತ್ತೊಂಬತ್ತು ಸೆಕೆಂಡು ಹಿಡಿಯುತ್ತದೆ. ನಾವು ಕದಿಯುವ ಮೂರು ಸೆಕೆಂಡು ಅವರ ಪಾಲಿನದು. ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಕೆಂಪು ದೀಪ ದಾಟುವುದು 184ನೇ ಕಲಮಿನ ಅಪಾಯಕಾರಿ ಚಾಲನೆಯೊಳಗೆ ಬರುತ್ತದೆ, ಆದರೆ ದಂಡಕ್ಕೆ ಹೆದರಿ ನಿಲ್ಲಿರೆಂದು ನಾನು ಹೇಳುತ್ತಿಲ್ಲ.

ಆದ್ದರಿಂದ ಬಿಳಿ ಗೆರೆಯ ಹಿಂದೆ, ಸಾಲಿನ ನಡುವೆ ನಿಲ್ಲಿ. ಎಡ ಅಂಚಿನಲ್ಲಿ ನಿಂತರೆ ಎಡಕ್ಕೆ ತಿರುಗುವವರು ನಿಮ್ಮನ್ನು ತಳ್ಳುತ್ತಾರೆ. ಅಂಕಿ ನೋಡಿ ಹೊರಡಬೇಡಿ, ಹಸಿರು ನೋಡಿ ಹೊರಡಿ, ಅದಕ್ಕೂ ಮೊದಲು ಎರಡೂ ಬದಿಯ ಝೀಬ್ರಾ ಪಟ್ಟಿ ನೋಡಿ. ರಾತ್ರಿ ಹಳದಿ ದೀಪ ಮಿಣುಕುತ್ತಿದ್ದರೆ ನಿಧಾನಿಸಿ, ನೋಡಿಕೊಂಡು ಹೋಗಬೇಕೆಂದು ಅರ್ಥ, ಬಹಳ ಜನ ಅದನ್ನು ಹಸಿರೆಂದೇ ತಿಳಿಯುತ್ತಾರೆ. ಆಂಬ್ಯುಲೆನ್ಸ್‌ಗೆ ದಾರಿ ಬಿಡಿ, ಅದರ ಬೆನ್ನು ಹಿಡಿದು ಮಾತ್ರ ಓಡಬೇಡಿ. ಹಾರ್ನ್ ಹೊಡೆಯುವವರು ಹೊಡೆಯಲಿ. ಕೆಲವರು ಪಕ್ಕಕ್ಕೆ ಬಂದು ಏನಾದರೂ ಅಂದುಹೋಗುತ್ತಾರೆ, ಮರಾಠಿ ಸರಿಯಾಗಿ ಅರ್ಥವಾಗದ ಮೊದಲ ಆರು ತಿಂಗಳು ಆ ಮಟ್ಟಿಗೆ ನಿಮಗೆ ಹಿತವೇ.

ನೀವು ಬಂದ ಮೊದಲ ರವಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಮನೆಗೆ ಬನ್ನಿ, ತಂಗಿ. ರಸ್ತೆ ಖಾಲಿ ಇರುವಾಗ ನನ್ನ ಹಿಂದೆ ಕೂರಿಸಿಕೊಂಡು ಹಿಂಜವಡಿಯವರೆಗೆ ಒಂದೊಂದೇ ಚೌಕ ತೋರಿಸುತ್ತೇನೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ, ಮನೆಯಲ್ಲಿರುವುದು ಒಂದೇ. ನಿಮ್ಮದನ್ನು ಊರಿನಿಂದಲೇ ತನ್ನಿ.