ಕೋಲ್ಡ್ ರೂಮ್ ಡಿಸ್ಚಾರ್ಜ್ ಪ್ರೆಷರ್ 330: ಗ್ಯಾಸ್ ತೆಗೆಯಬೇಡಿ
ಸರ್, ಗೋಣಿಕೊಪ್ಪದ ಕೋಲ್ಡ್ ರೂಮ್‌ನಲ್ಲಿ 404ಎ ಗ್ಯಾಸ್ (ತಂಪು ಮಾಡುವ ರೆಫ್ರಿಜರೆಂಟ್), ಹೊರಗೆ 25 ಡಿಗ್ರಿ, ಆದರೂ ಡಿಸ್ಚಾರ್ಜ್, ಅಂದರೆ ಕಂಪ್ರೆಸರ್‌ನಿಂದ ಹೊರಬರುವ ಗ್ಯಾಸ್‌ನ ಪ್ರೆಷರ್, 330 ಪಿಎಸ್‌ಐ, ಗ್ಯಾಸ್ ತೆಗೆಯಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಈ ಹವೆಗೆ 250ರ ಆಸುಪಾಸು ಇರಬೇಕು. ಪಕ್ಕದಲ್ಲೇ ಕಾಫಿ ಹಲ್ಲಿಂಗ್ (ಸಿಪ್ಪೆ ತೆಗೆಯುವ ಮಿಲ್) ಇದೆ ಅಂದಿರಲ್ವಾ, ಆ ಹೊಟ್ಟಿನ ಧೂಳು ಕಂಡೆನ್ಸರ್ (ಬಿಸಿ ಗ್ಯಾಸನ್ನು ತಣ್ಣಗೆ ಮಾಡುವ ಹೊರಗಿನ ಕಾಯಿಲ್) ಫಿನ್‌ಗಳ ಒಳಗೆ ಮೆತ್ತಿಕೊಂಡು ಪ್ರೆಷರ್ ಏರಿಸುತ್ತದೆ, ಹೊರಗಿಂದ ಕ್ಲೀನ್ ಕಂಡರೂ ನಂಬಬೇಡಿ, ಕರೆಂಟ್ ತೆಗೆದು ಟಾರ್ಚ್ ಹಿಡಿದು ನೋಡಿ, ಒಳಗಿನಿಂದ ಹೊರಕ್ಕೆ ನೀರು ಬಿಡಿ. ಫ್ಯಾನ್ ನಿಧಾನ ಇದ್ದರೆ ಕೆಪಾಸಿಟರ್ ನೋಡಿ.

ಆಮೇಲೂ ಇಳಿಯದಿದ್ದರೆ ಪಂಪ್‌ಡೌನ್ ಮಾಡಿ (ಗ್ಯಾಸನ್ನೆಲ್ಲ ಕಂಡೆನ್ಸರ್ ಕಡೆಗೆ ಸೇರಿಸಿ), ಕಂಪ್ರೆಸರ್ ನಿಲ್ಲಿಸಿ, ಫ್ಯಾನ್ ಮಾತ್ರ ಓಡಿಸಿ. ಕಂಡೆನ್ಸರ್ ಹೊರಗಿನ ಹವೆಯಷ್ಟೇ ತಣ್ಣಗಾದಾಗ ಗೇಜ್ 165ರ ಹತ್ತಿರ ನಿಲ್ಲಬೇಕು. ತುಂಬಾ ಮೇಲಿದ್ದರೆ ಒಳಗೆ ಗಾಳಿ ಸೇರಿದೆ, ಗ್ಯಾಸ್ ರಿಕವರ್ ಮಾಡಿಸಿ, ವ್ಯಾಕ್ಯೂಮ್ ಎಳೆದು, ತೂಕ ಹಾಕಿ ಹೊಸದು ತುಂಬಿಸಿ. ಗೇಜ್ ಸರಿಯಿದ್ದು ಸಬ್‌ಕೂಲಿಂಗ್ (ದ್ರವವಾದ ಗ್ಯಾಸ್ ಆಮೇಲೆ ಇನ್ನೆಷ್ಟು ಡಿಗ್ರಿ ತಣ್ಣಗಾಗಿದೆ ಅನ್ನುವ ಲೆಕ್ಕ) ಜಾಸ್ತಿ ಬಂದರೆ ಆಗ ಮಾತ್ರ ಗ್ಯಾಸ್ ಹೆಚ್ಚಾಗಿದೆ.