ಕಾಯಂ ಸಂಗೀತ ನಿರ್ದೇಶಕರಿಗೆ ಡೇಟ್ ಇಲ್ಲ, ಹೊಸಬರ ಜೊತೆ ರೀರೆಕಾರ್ಡಿಂಗ್ (ಹಿನ್ನೆಲೆ ಸಂಗೀತ) ಹೇಗೆ ಮಾಡಿಸಬೇಕು?

ನೀವು ಕೇಳಿರುವುದು ಇಷ್ಟು: ದಾವಣಗೆರೆಯ ನಿಮ್ಮ ತಂಡದ ಕಿರುಚಿತ್ರಗಳಿಗೆಲ್ಲ ಇಲ್ಲಿಯವರೆಗೆ ಒಬ್ಬರೇ ಸಂಗೀತ ಕೊಟ್ಟಿದ್ದಾರೆ. ಈಗ ಚಳ್ಳಕೆರೆ ಕಡೆಯ ಗೊಲ್ಲರಹಟ್ಟಿಯೊಂದರ ಕಥೆಯ ಮೇಲೆ 1 ಗಂಟೆ 40 ನಿಮಿಷದ ಸಿನಿಮಾ ಎಡಿಟಿಂಗ್‌ನಲ್ಲಿದೆ, ಅವರಿಗೆ ಡೇಟ್ ಇಲ್ಲ. ಹೊಸಬರನ್ನು ಹಾಕಿಕೊಂಡರೆ ಸಿನಿಮಾದ ಗುಣವೇ ಕೆಟ್ಟೀತೇ, ಕೆಲಸ ಎಲ್ಲಿಂದ ಶುರು ಮಾಡಬೇಕು ಅನ್ನುವುದು ನಿಮ್ಮ ಚಿಂತೆ.

ಗುಣ ಕೆಡುವುದಿಲ್ಲ. ಪುಟ್ಟಣ್ಣ ಕಣಗಾಲ್ ಅಂದರೆ ವಿಜಯಭಾಸ್ಕರ್ ಅನ್ನುವಷ್ಟು ಆ ಜೋಡಿ ನಮ್ಮ ಬಾಯಲ್ಲಿ ಕೂತಿದೆ. 1972ರಲ್ಲಿ ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ‘ನಾಗರಹಾವು’ ಚಿತ್ರಕ್ಕೂ ವಿಜಯಭಾಸ್ಕರ್ ಅವರದೇ ಸಂಗೀತ. ಆದರೆ ಮರುವರ್ಷದ ‘ಎಡಕಲ್ಲು ಗುಡ್ಡದ ಮೇಲೆ’ಗೆ ಎಂ. ರಂಗರಾವ್ ಬಂದರು. 1974ರ ‘ಉಪಾಸನೆ’ಗೆ ಮತ್ತೆ ವಿಜಯಭಾಸ್ಕರ್, 1981ರ ‘ರಂಗನಾಯಕಿ’ಗೆ ಮತ್ತೆ ರಂಗರಾವ್. ಹೋಗುವುದು ಬರುವುದು ನಡೆದೇ ಇತ್ತು. ಪುಟ್ಟಣ್ಣನವರ ಸಿನಿಮಾ ಪುಟ್ಟಣ್ಣನವರದೇ ಆಗಿ ಉಳಿಯಿತು.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಯೋಗರಾಜ್ ಭಟ್ಟರ ಲೆಕ್ಕ. 2006ರ ‘ಮುಂಗಾರು ಮಳೆ’ಗೆ ಮನೋಮೂರ್ತಿ, 2008ರ ‘ಗಾಳಿಪಟ’ಕ್ಕೆ ವಿ. ಹರಿಕೃಷ್ಣ, 2009ರ ‘ಮನಸಾರೆ’ಗೆ ಪುನಃ ಮನೋಮೂರ್ತಿ. ಸಂಗೀತ ನಿರ್ದೇಶಕರು ಬದಲಾದರೂ ಜಯಂತ ಕಾಯ್ಕಿಣಿಯವರ ಸಾಹಿತ್ಯ, ಸೋನು ನಿಗಮ್ ಕಂಠ ಮೂರರಲ್ಲೂ ಇವೆ. ಕೇಳುವವರಿಗೆ ಪರಕೀಯ ಅನ್ನಿಸದಿರಲು ಇದೂ ಒಂದು ಕಾರಣ ಅಂತ ನಾನು ತಿಳಿದಿದ್ದೇನೆ. ಆದ್ದರಿಂದ ನೀವೂ ಒಂದೇ ಸಲಕ್ಕೆ ಎಲ್ಲರನ್ನೂ ಬದಲಿಸಬೇಡಿ. ಹಾಡು ಬರೆಯುವವರು, ಮಿಕ್ಸಿಂಗ್ ಎಂಜಿನಿಯರ್, ಸಾಧ್ಯವಾದರೆ ಹಳೆಯ ಕೊಳಲಿನವರು ಇವರಲ್ಲಿ ಇಬ್ಬರಾದರೂ ಹಾಗೇ ಇರಲಿ.

ಡೇಟ್ ಸಿಗದೆ ಬದಲಾದ ದೊಡ್ಡ ಉದಾಹರಣೆ ಹಾಲಿವುಡ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್‌ದು. ‘ದಿ ಡಾರ್ಕ್ ನೈಟ್’ನಿಂದ ‘ಡನ್‌ಕರ್ಕ್’ವರೆಗೆ ಅವರ ಪ್ರತಿ ಸಿನಿಮಾದಲ್ಲೂ ಸಂಗೀತಕ್ಕೆ ಹ್ಯಾನ್ಸ್ ಜಿಮ್ಮರ್ ಇದ್ದರು. 2020ರ ‘ಟೆನೆಟ್’ ಹೊತ್ತಿಗೆ ಜಿಮ್ಮರ್ ‘ಡ್ಯೂನ್’ ಒಪ್ಪಿಕೊಂಡಿದ್ದರಿಂದ ಲುಡ್ವಿಗ್ ಯೊರಾನ್ಸನ್ ಬಂದರು. 2023ರ ‘ಆಪನ್‌ಹೈಮರ್’ಗೂ ಅವರನ್ನೇ ಮುಂದುವರಿಸಿದರು, ಅದಕ್ಕೆ ಆಸ್ಕರ್ ಕೂಡ ಬಂತು.

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಹಳಬರ ಜೊತೆ ನೀವು ಏನನ್ನೂ ಪೂರ್ತಿ ಹೇಳುತ್ತಿರಲಿಲ್ಲ. ‘ಇಲ್ಲಿ ಸ್ವಲ್ಪ ಅದು ಬೇಕು’ ಅಂದರೆ ಸಾಕಿತ್ತು. ಹೊಸಬರಿಗೆ ಆ ‘ಅದು’ ಯಾವುದು ಅಂತ ಗೊತ್ತಿಲ್ಲ. ಅದನ್ನು ನೀವು ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ತೋರಿಸುವ ಅಂಕಿ) ಸಮೇತ ಕಾಗದಕ್ಕೆ ಇಳಿಸಬೇಕು. ಮೊದಲ ಸಲ ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ.

ಆಯ್ಕೆಗೆ ಮುಂಚೆ ಅವರ ಹಾಡು ಕೇಳಿ ಮರುಳಾಗಬೇಡಿ. ಟ್ಯೂನ್ ಹಾಕುವ ಕೈ ಬೇರೆ, ರೀರೆಕಾರ್ಡಿಂಗ್ ಮಾಡುವ ಕೈ ಬೇರೆ. ಕನ್ನಡದಲ್ಲಿ ಎಷ್ಟೋ ಸಿನಿಮಾಗಳಿಗೆ ಈ ಎರಡನ್ನೂ ಇಬ್ಬರು ಮಾಡುತ್ತಾರೆ. ನಿಮ್ಮ ಸಿನಿಮಾದಿಂದಲೇ 2–3 ನಿಮಿಷದ ಒಂದು ದೃಶ್ಯ ಕೊಟ್ಟು, ಅದಕ್ಕೆ ದುಡ್ಡೂ ಕೊಟ್ಟು, ಮಾಡಿಸಿ ನೋಡಿ. ಕ್ಲೈಮ್ಯಾಕ್ಸ್ ಕೊಡಬೇಡಿ, ಅಲ್ಲಿ ಯಾರು ಬೇಕಾದರೂ ಸದ್ದು ಮಾಡಬಹುದು. ಇಬ್ಬರು ಕೂತು ಮಾತಾಡುತ್ತಾ ನಡುವೆ ಒಬ್ಬರ ಮನಸ್ಸು ತಿರುಗುವ ದೃಶ್ಯ ಕೊಡಿ. ಬಂದ ಮೇಲೆ ಟ್ಯೂನ್ ಚೆನ್ನಾಗಿದೆಯೇ ಅಂತ ನೋಡುವುದಕ್ಕಿಂತ, ಸಂಗೀತ ಯಾವ ಮಾತಿನ ಹಿಂದೆ ಒಳಗೆ ಬಂತು, ಯಾವ ನೋಟಕ್ಕೆ ಹೊರಗೆ ಹೋಯಿತು ಅನ್ನುವುದನ್ನು ಗಮನಿಸಿ. ಮಾತು ಮುಗಿದ ಕೂಡಲೇ ಖಾಲಿ ಜಾಗವನ್ನೆಲ್ಲ ಪಿಟೀಲಿನಿಂದ ತುಂಬುವವರು ಪೂರ್ತಿ ಸಿನಿಮಾದಲ್ಲೂ ಅದನ್ನೇ ಮಾಡುತ್ತಾರೆ.

ಪಿಕ್ಚರ್ ಲಾಕ್ ಆದ ಮೇಲೆ, ಅಂದರೆ ಎಡಿಟಿಂಗ್ ಅಂತಿಮವಾದ ಮೇಲೆ, ನೀವು ಮತ್ತು ಹೊಸಬರು ಇಬ್ಬರೂ ಕೂತು ಸಿನಿಮಾವನ್ನು ಯಾವ ಸಂಗೀತವೂ ಇಲ್ಲದೆ ಒಂದು ಸಲ ಪೂರ್ತಿ ನೋಡಿ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ ಪಟ್ಟಿ ಮಾಡಿ. ಪ್ರತಿ ಬಿಟ್‌ಗೆ (ಹಿನ್ನೆಲೆ ಸಂಗೀತದ ಒಂದೊಂದು ತುಣುಕಿಗೆ) ಒಂದು ನಂಬರ್, ಶುರುವಾಗುವ ಟೈಮ್‌ಕೋಡ್, ಮುಗಿಯುವ ಟೈಮ್‌ಕೋಡ್, ಯಾರ ಮನಸ್ಸಿನ ಪರವಾಗಿ ನುಡಿಯಬೇಕು, ಆ ಹೊತ್ತಿಗೆ ದೃಶ್ಯದಲ್ಲಿ ಬೇರೆ ಏನು ಸದ್ದಿದೆ ಇಷ್ಟು ಬರೆಯಿರಿ. ‘ದುಃಖ’, ‘ಟೆನ್ಷನ್’ ಅಂತ ಒಂದೇ ಪದ ಬರೆದರೆ ಉಪಯೋಗವಿಲ್ಲ. ‘ಅಜ್ಜಿಗೆ ವಿಷಯ ಗೊತ್ತು, ಮೊಮ್ಮಗನಿಗೆ ಗೊತ್ತಿಲ್ಲ; ಸಂಗೀತ ಅಜ್ಜಿಯ ಕಡೆ’ ಅಂತ ಬರೆಯಿರಿ. ಸಂಗೀತದ ಪದ ನಿಮಗೆ ಬೇಕಿಲ್ಲ, ಅದು ಅವರ ಕೆಲಸ. ನಿಮ್ಮ ಉದ್ದದ ಸಿನಿಮಾಕ್ಕೆ 35ರಿಂದ 45 ನಿಮಿಷ ಹಿನ್ನೆಲೆ ಸಂಗೀತ ಧಾರಾಳ ಸಾಕು. ಪಟ್ಟಿ 70 ನಿಮಿಷ ದಾಟಿದರೆ ಎಡಿಟಿಂಗ್ ಮೇಲೆ ನಿಮಗೇ ನಂಬಿಕೆ ಇಲ್ಲ ಅಂತ ಅರ್ಥ.

ಮೌನ ಬೇಕಾದ ಜಾಗಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಿ. ನಿರ್ದೇಶಕ ಹಿಚ್‌ಕಾಕ್ ‘ಸೈಕೋ’ (1960) ಚಿತ್ರದ ಬಚ್ಚಲುಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಮಾತು ಮೀರಿ ಬರೆದರು, ಕೇಳಿದ ಮೇಲೆ ಹಿಚ್‌ಕಾಕ್ ಒಪ್ಪಿದರು. 1966ರ ‘ಟಾರ್ನ್ ಕರ್ಟನ್’ನಲ್ಲಿ ಹರ್ಮನ್ ಮತ್ತೆ ಹಾಗೇ ಒಂದು ಕೊಲೆಯ ದೃಶ್ಯಕ್ಕೆ ಬರೆದರು. ಸ್ಟುಡಿಯೋಗೆ ಬೇಕಿದ್ದ ಧಾಟಿಯೂ ಬೇರೆಯಿತ್ತು. ರೆಕಾರ್ಡಿಂಗ್ ನಡುವೆಯೇ ಜೋಡಿ ಮುರಿಯಿತು, ಜಾನ್ ಆಡಿಸನ್ ಬಂದರು, ಆ ಕೊಲೆ ಕೊನೆಗೂ ಸಂಗೀತವಿಲ್ಲದೆ ತೆರೆಗೆ ಬಂತು. ವರ್ಷಗಟ್ಟಲೆ ಜೊತೆಗಿದ್ದವರ ನಡುವೆಯೇ ಹೀಗಾಗುವಾಗ, ಹೊಸಬರ ಹತ್ತಿರ ‘ಇಲ್ಲಿ ಖಾಲಿ ಬಿಡಿ’ ಅನ್ನುವುದನ್ನು ಬಾಯಿಮಾತಿಗೆ ಬಿಡಬಾರದು.

ಮುಂದಿನ ಅಪಾಯ ಎಡಿಟಿಂಗ್ ಟೇಬಲ್ಲಿನ ರೆಫರೆನ್ಸ್ ಮ್ಯೂಸಿಕ್, ಅಂದರೆ ಎಡಿಟ್ ಮಾಡುವಾಗ ತಾತ್ಕಾಲಿಕವಾಗಿ ಹಾಕಿಕೊಳ್ಳುವ ಬೇರೆಯ ಸಂಗೀತ. ಅದರಲ್ಲೂ ನಿಮ್ಮ ಹಳೆಯ ಸಂಗೀತ ನಿರ್ದೇಶಕರ ಬಿಟ್‌ಗಳನ್ನೇ ಟೈಮ್‌ಲೈನ್‌ನಲ್ಲಿ ಹಾಕಿ ವಾರಗಟ್ಟಲೆ ನೋಡಿದ್ದರೆ ಹೊಸಬರು ಏನು ಕೊಟ್ಟರೂ ‘ಯಾಕೋ ಕೂರ್ತಿಲ್ಲ’ ಅನ್ನಿಸುತ್ತದೆ, ಯಾಕೆಂದರೆ ನಿಮ್ಮ ಕಟ್‌ಗಳೇ ಆ ಹಳೆಯ ತಾಳಕ್ಕೆ ಬಿದ್ದಿರುತ್ತವೆ. ನಿರ್ದೇಶಕ ಕುಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಬರೆದ ಸಂಗೀತವನ್ನೇ ಕೈಬಿಟ್ಟು ರೆಫರೆನ್ಸಿಗೆ ಹಾಕಿಕೊಂಡಿದ್ದ ಶಾಸ್ತ್ರೀಯ ಕೃತಿಗಳನ್ನು ಉಳಿಸಿಕೊಂಡರು. ಅವರಿಗೆ ಹಕ್ಕು ಕೊಳ್ಳುವ ಶಕ್ತಿ ಇತ್ತು. ನಿಮಗೆ ರೆಫರೆನ್ಸ್ ಇಲ್ಲದೆ ನಡೆಯುವುದೇ ಇಲ್ಲ ಅಂದರೆ ಮೂರೋ ನಾಲ್ಕೋ ದೃಶ್ಯಕ್ಕೆ ಮಾತ್ರ ಇಟ್ಟುಕೊಳ್ಳಿ, ಹೊಸಬರಿಗೆ ಕೊಡುವ ವಿಡಿಯೋದಲ್ಲಿ ಅದನ್ನು ಬೇರೆ ಟ್ರ್ಯಾಕಿನಲ್ಲಿ ಇಡಿ.

ವಿಡಿಯೋ ಕೊಡುವಾಗಿನ ತಾಂತ್ರಿಕ ತಪ್ಪುಗಳು ಸಣ್ಣವು, ನಷ್ಟ ದೊಡ್ಡದು. ನೀವು ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಎಡಿಟ್ ಮಾಡಿದ ಸಿನಿಮಾವನ್ನು ಅವರು 25ರ ಪ್ರಾಜೆಕ್ಟಿನಲ್ಲಿ ಫ್ರೇಮಿಗೆ ಫ್ರೇಮ್ ಕೂರಿಸಿಕೊಂಡರೆ 10 ನಿಮಿಷದ ರೀಲು 9 ನಿಮಿಷ 36 ಸೆಕೆಂಡಿಗೆ ಮುಗಿಯುತ್ತದೆ. ಆಡಿಯೋ 48 ಕಿಲೋಹರ್ಟ್ಜ್, 24 ಬಿಟ್ ಅಂತ ಮೊದಲೇ ಗೊತ್ತುಮಾಡಿ, 44.1ರ ಫೈಲನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ವಿಡಿಯೋ ಮೇಲೆ ಟೈಮ್‌ಕೋಡ್ ಅಚ್ಚಾಗಿರಲಿ, ಮೊದಲ ಫ್ರೇಮಿಗೆ ಸರಿಯಾಗಿ 2 ಸೆಕೆಂಡ್ ಮುಂಚೆ ಒಂದು ಬೀಪ್ ಇರಲಿ. ಡೈಲಾಗ್ ಒಂದು ಟ್ರ್ಯಾಕ್, ಎಫೆಕ್ಟ್ಸ್ ಇನ್ನೊಂದು. ಲಾಕ್ ಆದ ಮೇಲೆ ‘ಎರಡೇ ಶಾಟ್ ಕತ್ತರಿಸಿದೆ’ ಅನ್ನುವ ಮಾತು ಬೇಡ. ಕತ್ತರಿಸಲೇಬೇಕಾದರೆ ಯಾವ ಟೈಮ್‌ಕೋಡಿನಲ್ಲಿ ಎಷ್ಟು ಫ್ರೇಮ್ ಹೋಯಿತು ಅಂತ ಬರೆದು ಕಳಿಸಿ.

ಕ್ಲಿಕ್ (ತಾಳ ಹಿಡಿಯಲು ಕೇಳಿಸುವ ಟಿಕ್ ಸದ್ದು) ಲೆಕ್ಕವೂ ನಿಮಗೆ ಗೊತ್ತಿದ್ದರೆ ಮಾತು ಸುಲಭ. 24 ಫ್ರೇಮಿನ ಸಿನಿಮಾದಲ್ಲಿ ಒಂದು ನಿಮಿಷದ 1440 ಫ್ರೇಮನ್ನು ಟೆಂಪೋದಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಸಂಖ್ಯೆಯಿಂದ) ಭಾಗಿಸಿದರೆ ಒಂದು ಬೀಟ್‌ಗೆ ಎಷ್ಟು ಫ್ರೇಮ್ ಅಂತ ಸಿಗುತ್ತದೆ: 90ಕ್ಕೆ 16, 96ಕ್ಕೆ 15, 120ಕ್ಕೆ 12. ಬಿಟ್ ಶುರುವಾದ 20ನೇ ಸೆಕೆಂಡಿಗೆ ಬಾಗಿಲು ದಢಾರನೆ ಹಾಕಿಕೊಳ್ಳುತ್ತದೆ ಅಂದುಕೊಳ್ಳಿ. 96ರಲ್ಲಿ ಅಷ್ಟರೊಳಗೆ 32 ಬೀಟ್, ಅಂದರೆ ನಾಲ್ಕು ಬೀಟಿನ ಎಂಟು ಬಾರ್ (ಆವರ್ತ) ಪೂರ್ತಿ ಮುಗಿದು ಬಾಗಿಲು ಒಂಬತ್ತನೆಯದರ ಮೊದಲ ಪೆಟ್ಟಿಗೆ ಬೀಳುತ್ತದೆ. 90ರಲ್ಲಿ ಮಾಡಿದರೆ ಬಾರ್ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ‘ಯಾಕೋ ಪಂಚ್ ಇಲ್ಲ’ ಅನ್ನುವ ದೂರಿನಲ್ಲಿ ಅರ್ಧಪಾಲು ಟ್ಯೂನಿಂದ ಬಂದದ್ದಲ್ಲ, ಈ ಲೆಕ್ಕದಿಂದ ಬಂದದ್ದು.

ಹಟ್ಟಿಯ ಕಥೆ ಅಂದಿರಿ. ಹಾಗಿದ್ದರೆ ಕಾಡುಗೊಲ್ಲರು ನುಡಿಸುವ ಬಿದಿರಿನ ಕೊಳಲು ಗಣೆ ನಿಮ್ಮ ಸಿನಿಮಾಕ್ಕೆ ಬೇಕೇ ಬೇಕು, ಹಳಬರ ಛಾಯೆಯಿಂದ ಹೊಸಬರನ್ನು ಬಿಡಿಸುವ ದಾರಿಯೂ ಅದೇ. ಕೀಬೋರ್ಡಿನ ಬಾನ್ಸುರಿ ಪ್ಯಾಚ್ ಅದರ ಹತ್ತಿರಕ್ಕೂ ಬರುವುದಿಲ್ಲ. ಗಣೆಯಲ್ಲಿ ಸ್ವರದಷ್ಟೇ ಉಸಿರಿನ ಸದ್ದೂ ಇದೆ. ಉದ್ದನೆಯ ಬಿದಿರು, ಒಂದೊಂದರ ಶ್ರುತಿ ಒಂದೊಂದು, ಕೀಬೋರ್ಡಿನ 440 ಹರ್ಟ್ಜ್ ಶ್ರುತಿಗೆ ಕೂತಿರುವುದಿಲ್ಲ. ಆದ್ದರಿಂದ ಟ್ರ್ಯಾಕ್ ಮೊದಲು ಮಾಡಿ ಅದರ ಮೇಲೆ ಗಣೆ ನುಡಿಸಿ ಅಂತ ಹಿರಿಯರಿಗೆ ಹೆಡ್‌ಫೋನ್ ಹಾಕಬೇಡಿ. ಮೊದಲು ಕ್ಲಿಕ್ ಇಲ್ಲದೆ ಗಣೆಯನ್ನು ರೆಕಾರ್ಡ್ ಮಾಡಿ: ಒಂದು ನಿಮಿಷ ಒಂದೇ ಸ್ವರ, ಆಮೇಲೆ ಅವರಿಗೆ ಇಷ್ಟ ಬಂದದ್ದು. ನಂತರ ಉಳಿದ ವಾದ್ಯಗಳನ್ನು ಅದು 30 ಸೆಂಟ್ (ಒಂದು ಸ್ವರಸ್ಥಾನಕ್ಕೆ 100 ಸೆಂಟ್) ಇಳಿದಿದ್ದರೆ 30 ಸೆಂಟ್ ಇಳಿಸಿ ಕೂರಿಸಲಿ. ಪಿಚ್ ಕರೆಕ್ಷನ್ ಹಾಕಿದರೆ ಗಣೆ ಸತ್ತೇ ಹೋಗುತ್ತದೆ. ಮೈಕ್ 2–3 ಅಡಿ ದೂರ, ಬಾಯಿಗೆ ನೇರವಾಗಿ ಬೇಡ, ಓರೆಯಾಗಿ. ರೆಕಾರ್ಡಿಂಗ್ ಲೆವೆಲ್ ಮೈನಸ್ 12 ಡೆಸಿಬೆಲ್ ಆಸುಪಾಸು ಇರಲಿ. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯ ಹಾಡುವಾಗ ಹಿಡಿಯುವ ವಾದ್ಯ ಅದು, ಭಕ್ತಿಯ ಸಂಗತಿ. ಯಾವ ದೃಶ್ಯಕ್ಕೆ ಬಳಸುತ್ತೀರಿ ಅಂತ ಹಟ್ಟಿಯ ಹಿರಿಯರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ, ಟೈಟಲ್‌ನಲ್ಲಿ ಹೆಸರು ಹಾಕಿ, ಸಂಭಾವನೆ ಕೈಗೆ ಕೊಡಿ.

ಉರುಮೆ (ಒಂದು ಮುಖವನ್ನು ಕೋಲಿನಿಂದ ಉಜ್ಜಿ ನುಡಿಸುವ ಜಾನಪದ ಚರ್ಮವಾದ್ಯ) ಸೇರಿಸುವುದಾದರೆ ಎರಡು ಮುಖಕ್ಕೂ ಬೇರೆ ಬೇರೆ ಮೈಕ್. ಉಜ್ಜುವ ಕಡೆಯ ನರಳಿಕೆ ಕೆಳಸ್ಥಾಯಿಯಲ್ಲಿ ಜಾರುತ್ತದೆ, ಅಲ್ಲಿ ಬೇಸ್ ಅಥವಾ ಸಿಂತ್ ಇಟ್ಟರೆ ಎರಡೂ ಕಲಸಿಹೋಗುತ್ತವೆ. ದುರ್ಗದ ಸುತ್ತಿನ ಗುಡ್ಡಗಳಲ್ಲಿ ತೆಗೆದ ದೃಶ್ಯಗಳಿಗೂ ಇದೇ ಮಾತು. ಗಾಳಿಯಂತ್ರದ ರೆಕ್ಕೆಯ ಸದ್ದು ಲೊಕೇಶನ್ ಆಡಿಯೋದಲ್ಲಿ ತಾಳದ ಹಾಗೆ ಬರುತ್ತಿದ್ದರೆ, ಅದನ್ನು ಉಳಿಸಬೇಕೋ ಅಳಿಸಬೇಕೋ ಅಂತ ರೀರೆಕಾರ್ಡಿಂಗಿಗೆ ಮುಂಚೆಯೇ ನಿರ್ಧರಿಸಿ. ಮಿಕ್ಸಿಂಗ್‌ನಲ್ಲಿ ನೋಡೋಣ ಅಂದರೆ ಅಲ್ಲಿ ಸಂಗೀತವನ್ನೇ ತಗ್ಗಿಸಬೇಕಾಗುತ್ತದೆ.

ಕಾಗದಪತ್ರದ ವಿಷಯ ಬೇಗ ಹೇಳುತ್ತೇನೆ, ಆದರೆ ಬಿಡಬೇಡಿ. ಹಳೆಯ ಕಿರುಚಿತ್ರದ ಥೀಮನ್ನು ಇದರಲ್ಲೂ ಬಳಸುವ ಆಸೆ ಇದ್ದರೆ ಬರಹದಲ್ಲಿ ಅನುಮತಿ ಬೇಕು; ಹೊಸಬರಿಗೆ ‘ಹಾಗೇ ಇರಲಿ, ಸ್ವಲ್ಪ ಬದಲಿಸಿ’ ಅಂತ ಹೇಳಿ ಮಾಡಿಸುವುದು ಇಬ್ಬರಿಗೂ ಅವಮಾನ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕಿನ ವರ್ಗಾವಣೆ ಸಹಿ ಇರುವ ಬರಹದಲ್ಲೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಹೊರದೇಶದ ಚಿತ್ರೋತ್ಸವಕ್ಕೋ ಓಟಿಟಿಗೋ ಕೊಡುವ ಯೋಚನೆ ಇದ್ದರೆ ಈ ಎರಡು ಸಾಲು ತಪ್ಪದೆ ಬರೆಸಿ. ಚಿತ್ರಮಂದಿರದಲ್ಲಿ ಸಿನಿಮಾ ಜೊತೆಗಿನ ಪ್ರದರ್ಶನ ಬಿಟ್ಟು ಉಳಿದ ಬಳಕೆಗಳಲ್ಲಿ ಸಂಗೀತ ಮಾಡಿದವರ, ಸಾಹಿತ್ಯ ಬರೆದವರ ರಾಯಧನದ ಪಾಲನ್ನು 2012ರ ತಿದ್ದುಪಡಿಯ ನಂತರ ನಿರ್ಮಾಪಕರು ಬರೆಸಿಕೊಳ್ಳಲು ಬರುವುದಿಲ್ಲ. ‘ಎಲ್ಲ ಹಕ್ಕೂ ನಮ್ಮದೇ’ ಅನ್ನುವ ಹಳೆಯ ನಮೂನೆಯ ಕರಾರನ್ನು ಎಲ್ಲಿಂದಲೋ ನಕಲು ಮಾಡಬೇಡಿ.

ದುಡ್ಡು ಮೂರು ಕಂತಿನಲ್ಲಿ ಕೊಡಿ: ಪಟ್ಟಿ ಒಪ್ಪಿಗೆಯಾದಾಗ, ಎಲ್ಲ ಬಿಟ್‌ಗಳ ಕಚ್ಚಾ ರೂಪ ಬಂದಾಗ, ಸ್ಟೆಮ್ಸ್ ಬಂದಾಗ. ಸ್ಟೆಮ್ಸ್ ಅಂದರೆ ತಾಳ, ಬೇಸ್, ತಂತಿ, ಕೊಳಲು-ಗಣೆ, ಕಂಠ, ಸಿಂತ್ ಹೀಗೆ ಬೇರೆ ಬೇರೆ ಫೈಲು, ಎಲ್ಲವೂ ಒಂದೇ ಟೈಮ್‌ಕೋಡಿನಿಂದ ಶುರುವಾಗಿರಬೇಕು. ಒಂದೇ ಸ್ಟೀರಿಯೋ ಫೈಲ್ ಕೊಟ್ಟರೆ ಮಾತಿನ ಮೇಲೆ ಹತ್ತಿದ ಕೊಳಲನ್ನು ಮಾತ್ರ ತಗ್ಗಿಸಲು ನಿಮ್ಮ ಮಿಕ್ಸಿಂಗ್ ಎಂಜಿನಿಯರಿಗೆ ಆಗುವುದಿಲ್ಲ. ಕೊನೆಯ ಕಂತು ಕೊಡುವ ಮುಂಚೆ ಎಲ್ಲ ಸ್ಟೆಮ್ಸ್ ಒಟ್ಟಿಗೆ ಓಡಿಸಿ, ಅವರು ಕೊಟ್ಟ ಪೂರ್ತಿ ಮಿಕ್ಸ್‌ಗೆ ತಾಳೆ ಆಗುತ್ತದೆಯೇ ನೋಡಿಕೊಳ್ಳಿ.